ಪರವಾನಗಿ ಬೇಡದ ತರಂಗಗಳು: ಇಪ್ಪತ್ತು ವರ್ಷಗಳ ವಿಳಂಬ

ನಿಸ್ತಂತು ಉಪಕರಣವನ್ನು ಹೊಂದಿರುವುದಕ್ಕೂ ಪರವಾನಗಿ ಬೇಕೆಂದು ವಿಧಿಸಿದ್ದು 1933ರ ಭಾರತೀಯ ನಿಸ್ತಂತು ತಂತಿ ಕಾಯಿದೆ. ಅಮೆರಿಕದ ಫೆಡರಲ್ ಕಮ್ಯುನಿಕೇಷನ್ಸ್ ಕಮಿಷನ್ ಮಾತ್ರ ಅಲ್ಪಶಕ್ತಿಯ ಸಾಧನಗಳಿಗೆ 1938ರಲ್ಲಿಯೇ ವಿನಾಯಿತಿ ನೀಡಿತ್ತು. 1985ರಲ್ಲಿ ಅದು 2.4 ಗಿಗಾಹರ್ಟ್ಸ್ ಸೇರಿದಂತೆ ಮೂರು ತರಂಗಪಟ್ಟಿಗಳನ್ನು ಸ್ಪ್ರೆಡ್ ಸ್ಪೆಕ್ಟ್ರಮ್ ಸಂವಹನಕ್ಕೆ ತೆರೆಯಿತು. ಮೈಕ್ರೋವೇವ್ ಒಲೆಗಳ ಗದ್ದಲದಿಂದಾಗಿ ಕಸದ ಪಟ್ಟಿಗಳೆನಿಸಿದ್ದ ಆ ಜಾಗದಲ್ಲಿಯೇ ವೈ-ಫೈ, ಬ್ಲೂಟೂತ್ ಬೆಳೆದವು.

ನಮ್ಮಲ್ಲಿ ಅದೇ 2.4 ಗಿಗಾಹರ್ಟ್ಸ್ ಪಟ್ಟಿ ಹೊರಾಂಗಣ ಬಳಕೆಗೂ ಮುಕ್ತವಾದದ್ದು 2005ರ ಜನವರಿಯಲ್ಲಿ. ಸರಕುಗಳ ರೇಡಿಯೊ ಗುರುತುಪಟ್ಟಿಗೆ ಅನುಕೂಲವಾದ 865–867 ಮೆಗಾಹರ್ಟ್ಸ್‌ಗೂ ಅದೇ ವರ್ಷ ವಿನಾಯಿತಿ ದೊರೆಯಿತು. 5 ಗಿಗಾಹರ್ಟ್ಸ್‌ನ ಬಹುಭಾಗದ ಹೊರಾಂಗಣ ಬಳಕೆಗೆ 2018ರವರೆಗೆ ಕಾಯಬೇಕಾಯಿತು.

ಅಡಚಣೆಯ ಭೀತಿ ನಿರಾಧಾರವೆಂದು ಹೇಳಲಾಗದು. ಆದರೆ ಶಕ್ತಿಯ ಮಿತಿ ಇರುವುದೇ ಅದಕ್ಕಾಗಿ. ಇತರರಿಗೆ ತೊಂದರೆ ಕೊಡಬಾರದು, ಇತರರಿಂದ ಆದ ತೊಂದರೆಗೆ ರಕ್ಷಣೆ ಕೇಳಬಾರದು: ಈ ಕಠಿಣ ಷರತ್ತನ್ನು ಒಪ್ಪಿಯೇ ಉದ್ದಿಮೆಗಳು ಬಂಡವಾಳ ಹೂಡಿವೆ. ಪರವಾನಗಿ ಇಲ್ಲವೆಂದರೆ ಉಪಕರಣದ ಮಾದರಿ ಅನುಮೋದನೆಯೂ ಇಲ್ಲವೆಂದು ಆಮದುದಾರರು ಭಾವಿಸಬಾರದು.

ಕರಡು ನಿಯಮಗಳಿಗೆ ಅಭಿಪ್ರಾಯ ಸಲ್ಲಿಸಲು ದೊರೆಯುವ ಅವಧಿ ಅಲ್ಪ. ದೊಡ್ಡ ಮೊಬೈಲ್ ಕಂಪನಿಗಳು ಅದನ್ನು ತಪ್ಪದೆ ಬಳಸಿಕೊಳ್ಳುತ್ತವೆ. ಸಣ್ಣ ತಯಾರಕರ ಪರವಾಗಿ ನಮ್ಮ ಸಂಸ್ಥೆಯೇ ಮನವಿ ಸಲ್ಲಿಸಬೇಕು.