ಮಾಡಿನ ಲೆಕ್ಕ ಮೇ ತಿಂಗಳಲ್ಲಿ ಹಾಕಬೇಡಿ

(1/3)
ಫೋಟೋದಲ್ಲಿ ನೀಲಿ ಟಾರ್ಪಾಲು ಹೊದ್ದು ಕೂತಿರೋದು ನಮ್ಮನೆ ಮಾಡು. ಚಂದ ಕಾಣಲಿ ಅಂತ ಹಾಕಿದ್ದಲ್ಲ, ಫಿಲ್ಟರ್ ಕೂಡ ಹಾಕಿಲ್ಲ.

ನಮ್ಮ ಪುತ್ತೂರು ಕಡೆಯ ಹಂಚಿನ ಮನೆಯವರ ಒಂದು ಅಭ್ಯಾಸದ ಬಗ್ಗೆ ನನಗೆ ತಕರಾರಿದೆ. ಮಾಡು ಹೊಸದು ಮಾಡಬೇಕು ಅನ್ನೋದು ನಾಲ್ಕೈದು ವರ್ಷ ಮೊದಲೇ ಎಲ್ಲರಿಗೂ ಗೊತ್ತಿರುತ್ತೆ. ರೀಪು ಬಾಗಿರುತ್ತೆ, ಪಕ್ಕಾಸಿಗೆ ಗೆದ್ದಲು ಹತ್ತಿರುತ್ತೆ, ಪ್ರತಿ ವರ್ಷ ಹಂಚು ಕೈಯಾಡಿಸಿದರೂ ಅದೇ ಮೂಲೆ ಸೋರುತ್ತೆ. ಆದರೆ ಲೆಕ್ಕಕ್ಕೆ ಕೂರೋದು ಮೇ ತಿಂಗಳಲ್ಲಿ. ಜೂನ್ ಮೊದಲ ವಾರ ಮಳೆ ಬಂತು ಅಂತಲೇ ಇಟ್ಟುಕೊಳ್ಳಿ. ಆಗ ಆಚಾರ್ರು ಸಿಗಲ್ಲ, ಸಿಕ್ಕಿದವರು ಹೇಳಿದ್ದೇ ರೇಟು. ಕೈಯಲ್ಲಿ ದುಡ್ಡಿಲ್ಲ. ಅಪ್ಪನ ಬೈಕ್ ಶೆಡ್ಡಲ್ಲೇ ಇರುತ್ತೆ, ಅಮ್ಮನ ಬಳೆ ಮಾತ್ರ ಅಡವಿಗೆ ಹೋಗುತ್ತೆ.

ಅಮ್ಮನ ಬಳೆ ಯಾಕೆ ಯಾವಾಗಲೂ ಮನೆಯ ಎಮರ್ಜೆನ್ಸಿ ಫಂಡ್ ಆಗಬೇಕು? ಇದಕ್ಕೆ ಯಾರೂ ನನಗೆ ಸರಿಯಾದ ಉತ್ತರ ಕೊಟ್ಟಿಲ್ಲ.

(2/3)
ಈಗ ಎಸ್ಟಿಮೇಟ್ ವಿಷಯ. ಇದು ಸ್ವಲ್ಪ ಉದ್ದ, ಓದಿ ಮಾರ್ರೆ.

"ನಿಮ್ಮನೆ ಎಷ್ಟು ಸ್ಕ್ವೇರ್ ಫೀಟ್?" ಅಂತ ಕೇಳಿ, ರೇಟಿಗೆ ಗುಣಿಸಿ ಹೇಳುವವರ ಮಾತು ನಂಬಬೇಡಿ. 25 ಅಡಿ ಅಗಲ, 32 ಅಡಿ ಉದ್ದದ ಮನೆ ಅಂದರೆ ನೆಲ 800. ಆದರೆ ಮಾಡು ಗೋಡೆಗೇ ನಿಲ್ಲಲ್ಲ. ನಾಲ್ಕೂ ಕಡೆ ಎರಡೆರಡು ಅಡಿ ಹೊರಗೆ ಬಂದರೆ 29 × 36, ಅಂದರೆ 1,044. ಅದರ ಮೇಲೆ ಇಳಿಜಾರು ಬೇರೆ. 30 ಡಿಗ್ರಿ ಇಳಿಜಾರಿಗೆ ಸುಮಾರು 1,205 ಆಗುತ್ತೆ. 800ಕ್ಕೆ ಬಜೆಟ್ ಮಾಡಿದವರು ಅರ್ಧ ದಾರಿಯಲ್ಲಿ ಸಾಲ ಹುಡುಕ್ತಾರೆ. ಪಿಯುಸಿಯಲ್ಲಿ ಕಾಮರ್ಸ್ ತಗೊಂಡು ತ್ರಿಕೋನಮಿತಿಯಿಂದ ತಪ್ಪಿಸಿಕೊಂಡೆ ಅಂದುಕೊಂಡಿದ್ದೆ, ಅದು ಮಾಡು ಹತ್ತಿ ಕೂತಿತ್ತು.

ಮಂಗಳೂರು ಹಂಚು ಒಂದು ಚದರ ಮೀಟರ್‌ಗೆ ಸುಮಾರು 15 ಬೇಕು. ಆ 1,205 ಚದರ ಅಡಿ ಅಂದರೆ 112 ಚದರ ಮೀಟರ್, ಹಾಗಾಗಿ 1,680 ಹಂಚು. ಒಡೆಯೋದಕ್ಕೆ ಅಂತ ಇನ್ನೊಂದಿಷ್ಟು ಸೇರಿಸಿ 1,800 ಹಿಡಿಯಿರಿ. ಇಷ್ಟಾದ ಮೇಲೂ ಹಂಚು ಸಣ್ಣ ವಿಷಯ. ದುಡ್ಡು ಹೋಗೋದು ಮರಕ್ಕೆ ಮತ್ತು ಕೂಲಿಗೆ. ಹಳೆ ಹಂಚಲ್ಲಿ ಗಟ್ಟಿ ಇದ್ದದ್ದನ್ನು ತೊಳೆದು ಮತ್ತೆ ಹಾಕಬಹುದು, ಗೆದ್ದಲು ತಿಂದ ಪಕ್ಕಾಸನ್ನು ಹಾಕೋಕಾಗಲ್ಲ. ಎಷ್ಟು ಪಕ್ಕಾಸು ಹಾಳಾಗಿದೆ ಅನ್ನೋದು ಹಂಚು ತೆಗೆದ ಮೇಲೆಯೇ ಪೂರ್ತಿ ಗೊತ್ತಾಗೋದು. ಅದಕ್ಕೇ ಒಟ್ಟು ಮೊತ್ತದ ಮೇಲೆ ಶೇ. 15 ಪ್ರತ್ಯೇಕ ಇಡಬೇಕು ಅಂತ ನನ್ನ ವಾದ. ಅಪ್ಪ ಇದನ್ನು "ಅಪಶಕುನದ ದುಡ್ಡು" ಅಂತಾರೆ.

ಹಾಗಾದ್ರೆ ಶೀಟ್ ಹಾಕ್ಬಹುದಲ್ವಾ? ಹಾಕ್ಬಹುದು. ಮಂಗಗಳು ದಿನಾ ಹಂಚು ಒಡೆಯೋ ಮನೆಗೆ ಅದೇ ಸರಿ. ಆದರೆ ಶೀಟಿನ ರೇಟನ್ನು ಹಂಚಿನ ಪೂರ್ತಿ ಮಾಡಿನ ರೇಟಿಗೆ ಹೋಲಿಸಬೇಡಿ. ಕಬ್ಬಿಣದ ಚೌಕಟ್ಟು, ವೆಲ್ಡಿಂಗ್, ಪೇಂಟ್, ಸೆಖೆ ತಡೆಯೋಕೆ ಒಳಗೆ ಸೀಲಿಂಗ್, ಎಲ್ಲ ಸೇರಿಸಿ ನೋಡಿ. ಅಜ್ಜಿಯ ಆಕ್ಷೇಪ ಬೇರೆ: "ಮಳೆ ಬಂದ್ರೆ ಪಕ್ಕದಲ್ಲಿ ಕೂತವರ ಮಾತೂ ಕೇಳ್ಲಿಕ್ಕಿಲ್ಲ." ಇದನ್ನು ಯಾವ ಕೊಟೇಶನ್ನಿನಲ್ಲೂ ಬರೆಯಲ್ಲ.

(3/3)
ಬಿಕಾಂ ಫ್ರೆಂಡ್ಸ್, ಇದು ನಮ್ಮ ಸಿಲಬಸ್ಸೇ. 2013ರ ಕಂಪನಿ ಕಾಯ್ದೆಯ ಎರಡನೇ ಶೆಡ್ಯೂಲ್ ನೆನಪಿದೆಯಾ? ಆಸ್ತಿಯ ಮುಖ್ಯ ಭಾಗವೊಂದರ ಆಯಸ್ಸು ಬೇರೆ ಇದ್ದರೆ ಅದರ ಸವಕಳಿಯನ್ನು ಬೇರೆಯಾಗಿಯೇ ಲೆಕ್ಕ ಹಾಕಬೇಕು. ಗೋಡೆ ಅಜ್ಜನ ಕಾಲದ್ದು, ಇನ್ನೂ ನಿಂತಿದೆ. ಮಾಡಿನ ಮರ ಅಷ್ಟು ಬಾಳಲ್ಲ. ಪರೀಕ್ಷೆಯಲ್ಲಿ ಫ್ಯಾಕ್ಟರಿ ಕಟ್ಟಡಕ್ಕೆ ಸವಕಳಿ ಬರೆದು ಹತ್ತು ಮಾರ್ಕು ತಗೊಳ್ಳೋ ನಾವು ನಮ್ಮ ತಲೆ ಮೇಲಿರೋ ಮಾಡಿಗೆ ಒಂದು ಪೈಸೆ ತೆಗೆದಿಡಲ್ಲ.

ಖರ್ಚು 3,00,000, ಬಾಳಿಕೆ 25 ವರ್ಷ ಅಂದುಕೊಳ್ಳಿ. ತಿಂಗಳಿಗೆ 1,000. ಬೆಲೆ ಏರುತ್ತೆ, ಬಡ್ಡಿ ಅದಕ್ಕೆ ಪೂರ್ತಿ ಸರಿದೂಗಲ್ಲ, ಗೊತ್ತು. ಆದರೂ ಪೂರ್ತಿ ಸಾಲಕ್ಕಿಂತ ಅರ್ಧ ಸಾಲ ಮೇಲು. ಮಾಡಿಗೆ ಮೂರೇ ವರ್ಷ ಉಳಿದಿದೆ ಅನಿಸಿದರೆ ತಿಂಗಳಿಗೆ 3,000ದ ಆರ್‌ಡಿ ಕಟ್ಟಿ. 36 ತಿಂಗಳಿಗೆ ಅಸಲೇ 1,08,000. ನಮ್ಮ ಕ್ಲಾಸಲ್ಲಿ ಇದಕ್ಕಿಂತ ದೊಡ್ಡ ಫೋನ್ ಇಎಂಐ ಇದೆ (ಹೆಸರು ಹೇಳಲ್ಲ).

ಹಂಚಿನ ಮಾಡಿಗೆ ಇನ್ನೊಂದು ಅನುಕೂಲ: ಒಂದು ಇಳಿಜಾರನ್ನು ಈ ವರ್ಷ, ಇನ್ನೊಂದನ್ನು ಮುಂದಿನ ವರ್ಷ ಮಾಡಿಸಬಹುದು. ಆಗ ಹಳೆ ಮಾಡಿನ ಒಳ್ಳೆ ಹಂಚು ಸೋರುವ ಬದಿಗೇ ಬಳಕೆಗೆ ಬರುತ್ತೆ. ಆಚಾರ್ರನ್ನು ಕರೆಸೋದು ಮಾತ್ರ ದೀಪಾವಳಿ ಮುಗಿದ ಕೂಡಲೇ. ಜನವರಿಗೆ ಮರ ಬಂದು ಬೀಳಬೇಕು. ನಿಮ್ಮ ಜಾಗದ್ದೇ ಮರ ಆದರೂ ಕಡಿಯೋ ಮೊದಲು ಅರಣ್ಯ ಇಲಾಖೆಯ ಅನುಮತಿ ಬೇಕಾ ಕೇಳಿ. ಆ ಕಾಗದಕ್ಕೂ ದಿನ ಹಿಡಿಯುತ್ತೆ.

ನಿಮ್ಮನೆ ಮಾಡಿಗೆ ಎಷ್ಟು ವರ್ಷ ಆಯ್ತು? ಇವತ್ತು ಅಮ್ಮನ ಹತ್ರ ಕೇಳಿ, ಕೆಳಗೆ ಬರೀರಿ. ಅಪ್ಪನಿಗಿಂತ ಅಮ್ಮನಿಗೇ ಸರಿಯಾಗಿ ನೆನಪಿರುತ್ತೆ, ಬಳೆ ಬಿಡಿಸಿದ ವರ್ಷ ಅವರು ಮರೆಯಲ್ಲ.

#ಮನೆಲೆಕ್ಕ #ಹಂಚಿನಮನೆ #ಬಿಕಾಂಬದುಕು