ಹಾರನ್ ಮೌನವಾದಾಗ

ಕಾರಿನ ಹಾರನ್ ಕೆಟ್ಟರೆ ಬಹುಮಂದಿ ಅದನ್ನು ಸಣ್ಣ ರಿಪೇರಿಯೆಂದೇ ಎಣಿಸುತ್ತಾರೆ. ಮಾಗಡಿಯಲ್ಲಾಗಲಿ ಕನಕಪುರದಲ್ಲಾಗಲಿ ಗ್ಯಾರೇಜಿನ ಮುಂದೆ ಗಾಡಿ ನಿಲ್ಲಿಸಿ, “ಬೇಗ ನೋಡಿಬಿಡಪ್ಪ” ಎಂದು ಹೇಳಿ ಕಾಫಿಗೆ ನಡೆಯುವುದು ವಾಡಿಕೆ. ಆದರೆ ಹಾರನ್ನು ಕೂಗದಿರುವುದರ ಜೊತೆಗೆ ಏರ್‌ಬ್ಯಾಗಿನ ಎಚ್ಚರಿಕೆಯ ದೀಪವೂ ಆರದೆ ಉರಿಯುತ್ತಿದ್ದರೆ, ಅದು ಅವಸರದ ಕೆಲಸವಲ್ಲವೆಂದು ವಾಚಕರು ತಿಳಿಯತಕ್ಕದ್ದು.

ಸ್ಟೀರಿಂಗ್ ಚಕ್ರದ ಹಿಂದೆ, ಅದರ ದಂಡದ ತುದಿಯಲ್ಲಿ, ಒಂದು ಪ್ಲಾಸ್ಟಿಕ್ ಡಬ್ಬಿಯಿರುತ್ತದೆ. ಮೆಕ್ಯಾನಿಕ್ಕುಗಳು ಅದನ್ನು ಕ್ಲಾಕ್ ಸ್ಪ್ರಿಂಗ್ ಎನ್ನುತ್ತಾರೆ. 1999ರಿಂದ ಬಿಡದಿಯಲ್ಲಿ ಗಾಡಿಗಳನ್ನು ತಯಾರಿಸುತ್ತಿರುವ ಟೊಯೋಟಾದವರ ಕೈಪಿಡಿಗಳಲ್ಲಿ ಅದರ ಹೆಸರು ಸ್ಪೈರಲ್ ಕೇಬಲ್. ಗಡಿಯಾರದ ಸ್ಪ್ರಿಂಗಿನಂತೆ ಒಳಗೆ ಸುತ್ತಿಟ್ಟ ತೆಳುವಾದ ಪಟ್ಟಿಯೊಂದು, ಚಕ್ರ ತಿರುಗಿದಂತೆಲ್ಲ ಬಿಚ್ಚಿಕೊಳ್ಳುತ್ತ ಸುತ್ತಿಕೊಳ್ಳುತ್ತ, ಹಾರನ್ನಿಗೂ ಏರ್‌ಬ್ಯಾಗಿಗೂ ವಿದ್ಯುತ್ತಿನ ಸಂಪರ್ಕವನ್ನು ಕಾಪಾಡುತ್ತದೆ. ರಾಮನಗರದ ರೇಷ್ಮೆಯ ಎಳೆಯಂತೆ ಇದೂ ಅಳತೆ ಮೀರಿ ಎಳೆದರೆ ಹರಿಯುವಂಥದು. ಹರಿದರೆ ಅಪಘಾತದಲ್ಲಿ ಚಾಲಕನ ಏರ್‌ಬ್ಯಾಗು ಅರಳದೆ ಹೋದೀತು. 2019ರ ಜುಲೈ 1ರಿಂದ ತಯಾರಾದ ಕಾರುಗಳಿಗೆಲ್ಲ ಅದು ಕಡ್ಡಾಯವಾಗಿರುವುದರಿಂದ, ಈ ಡಬ್ಬಿಯ ವಿಚಾರ ಈಗ ಸಣ್ಣ ಊರಿನ ಗ್ಯಾರೇಜಿಗೂ ಸೇರಿದ್ದು.

ಬ್ಯಾಟರಿಯನ್ನು ಕಳಚಿದರೆ ಸಾಲದೆ? ಸಾಲದು. ಅಪಘಾತದಲ್ಲಿ ಬ್ಯಾಟರಿ ಜಜ್ಜಿಹೋದರೂ ಚೀಲ ಅರಳಬೇಕೆಂದು, ಅದರ ನಿಯಂತ್ರಕ ಪೆಟ್ಟಿಗೆಯೊಳಗಿನ ಕೆಪಾಸಿಟರಿನಲ್ಲಿ ಸ್ವಲ್ಪ ವಿದ್ಯುತ್ತನ್ನು ಕೂಡಿಟ್ಟಿರುತ್ತಾರೆ. ಪ್ರಾಣ ಉಳಿಸಲೆಂದು ಮಾಡಿದ ಈ ಏರ್ಪಾಟೇ ಅವಸರದ ಕೈಗೆ ಶತ್ರು. ಚೀಲದ ಹಿಂದಿರುವ ಮದ್ದು, ರೆಪ್ಪೆ ಬಡಿಯುವುದರೊಳಗೆ ಸಿಡಿದು ಮುಖವನ್ನೂ ಕೈಯನ್ನೂ ಗಾಯಗೊಳಿಸಬಲ್ಲುದು.

ಆದುದರಿಂದ ಮುಂದಿನ ಗಾಲಿಗಳನ್ನು ನೇರವಾಗಿ ನಿಲ್ಲಿಸಿ, ಕೀಲಿಯನ್ನು ತೆಗೆದು, ಬ್ಯಾಟರಿಯ ಮೈನಸ್ ತಂತಿಯನ್ನು ಕಳಚಿ ಕಾಯಬೇಕು. ಟೊಯೋಟಾ ಕೈಪಿಡಿಗಳು ಕನಿಷ್ಠ 90 ಸೆಕೆಂಡು ಎನ್ನುತ್ತವೆ. ಕೆಲವು ಗಾಡಿಗಳಿಗೆ ಹಲವು ನಿಮಿಷ ಬೇಕು. ಆಯಾ ಗಾಡಿಯ ಕೈಪಿಡಿಯೇ ಪ್ರಮಾಣ. ಬಳಿಕ ಏರ್‌ಬ್ಯಾಗನ್ನು ಬಿಚ್ಚಿ, ಅದರ ಹಳದಿ ಕನೆಕ್ಟರನ್ನು ಕಳಚಿ, ಮುಖ ಮೇಲಾಗಿರುವಂತೆ ದೂರ ಇಡಬೇಕು. ಕೆಳಮುಖವಾಗಿಟ್ಟದ್ದು ಸಿಡಿದರೆ ಇಡೀ ತುಂಡೇ ಮೇಲಕ್ಕೆ ಹಾರೀತು. ಅದಕ್ಕೆ ಮೀಟರು ಹಚ್ಚಿ ಪರೀಕ್ಷಿಸಲೇಬಾರದು. ಸ್ಟೀರಿಂಗ್ ಚಕ್ರಕ್ಕೂ ದಂಡಕ್ಕೂ ಗುರುತು ಹಾಕಿ, ಸುತ್ತಿಗೆಯಿಂದ ಬಡಿಯದೆ ಪುಲ್ಲರಿನಿಂದ ಚಕ್ರವನ್ನು ತೆಗೆದ ಮೇಲೆಯೇ ಡಬ್ಬಿಗೆ ಕೈಹಚ್ಚತಕ್ಕದ್ದು.

ಹೊಸ ಡಬ್ಬಿ ನಡುಸ್ಥಾನದಲ್ಲಿ ನಿಂತೇ ಬರುತ್ತದೆ. ಅದರ ತಡೆಯನ್ನು ಕೂಡಿಸುವ ಮೊದಲು ತೆಗೆಯಬಾರದು. ಹಳೆಯದು ತಿರುಗಿಹೋಗಿದ್ದರೆ, ಕೈಪಿಡಿ ಹೇಳಿದಷ್ಟು ಸುತ್ತು ತಿರುಗಿಸಿ ಮತ್ತೆ ನಡುಸ್ಥಾನಕ್ಕೆ ತರಬೇಕು. ಅಂದಾಜಿನಿಂದ ಕೂಡಿಸಿದ್ದು, ಮೊದಲನೆಯ ದೊಡ್ಡ ತಿರುವಿನಲ್ಲೇ ಹರಿಯಬಹುದು.

2023ರಲ್ಲಿ ತೆರೆದ ಬೆಂಗಳೂರು-ಮೈಸೂರು ಹೆದ್ದಾರಿಯಲ್ಲಿ ರಾಮನಗರ, ಚನ್ನಪಟ್ಟಣಗಳನ್ನು ದಾಟಿ ವೇಗವಾಗಿ ಸಾಗುವವರು ಇಷ್ಟು ಮಾಡಲಿ: ಮೆಕ್ಯಾನಿಕ್ಕನಿಗೆ ಕಾಯುವಷ್ಟು ಸಮಯ ಕೊಡಲಿ. ಗಾಡಿಯನ್ನು ಪಡೆಯುವಾಗ ಹಾರನ್ನನ್ನು ಮಾತ್ರ ಒತ್ತಿನೋಡದೆ, ಕೀಲಿ ತಿರುಗಿಸಿದಾಗ ಏರ್‌ಬ್ಯಾಗಿನ ದೀಪ ಹೊತ್ತಿ, ಕೆಲವು ಸೆಕೆಂಡುಗಳಲ್ಲಿ ಆರುವುದೇ ಎಂದೂ ನೋಡಲಿ. ಆರದಿದ್ದರೆ, ಹಾರನ್ ಎಷ್ಟೇ ಜೋರಾಗಿ ಕೂಗಲಿ, ರಿಪೇರಿ ಮುಗಿದಿಲ್ಲ.