ಸಹಿ ಹಾಕುವ ಮುನ್ನ

ಮಕ್ಕಳೇ, ನಮ್ಮ ಮಹಾಗಾಂವದ ಹಿರಿಯರು ನಿಜಾಮರ ಕಾಲ ಕಂಡವರು. ಆಗ ದೊರೆಯ ಅಪ್ಪಣೆಯೇ ಕಾನೂನು. ದಿಲ್ಲಿಯಲ್ಲಿ ಬ್ರಿಟಿಷ್ ವೈಸರಾಯ್ ಇದ್ದ ಭವನಕ್ಕೆ 1950ರಲ್ಲಿ ರಾಜೇಂದ್ರ ಪ್ರಸಾದರು ರಾಷ್ಟ್ರಪತಿಯಾಗಿ ಬಂದರು. ಮನೆ ಅದೇ, ಅಧಿಕಾರ ಬೇರೆ. ಮಂತ್ರಿಮಂಡಲದ ಸಲಹೆಯಂತೆ ನಡೆಯುವುದು ರೂಢಿಯಾಯಿತು. 1976ರಲ್ಲಿ ಸಂವಿಧಾನದ 42ನೇ ತಿದ್ದುಪಡಿ ಅದನ್ನೇ ಕಡ್ಡಾಯ ಮಾಡಿತು.

ಮರುವರ್ಷ ನಮ್ಮ ಕನ್ನಡಿಗ, ಸಾವಳಗಿಯ ಬಿ.ಡಿ. ಜತ್ತಿಯವರು ಹಂಗಾಮಿ ರಾಷ್ಟ್ರಪತಿ. ಒಂಬತ್ತು ರಾಜ್ಯಗಳ ವಿಧಾನಸಭೆ ವಿಸರ್ಜಿಸಲು ಮಂತ್ರಿಮಂಡಲ ಹೇಳಿತು. ಜತ್ತಿಯವರು ಹಿಂದೆಮುಂದೆ ನೋಡಿದರು. ಕೊನೆಗೆ ಸಹಿ ಹಾಕಿದರು.

1978ರ 44ನೇ ತಿದ್ದುಪಡಿ ಒಂದು ದಾರಿ ತೆರೆಯಿತು. 'ಇನ್ನೊಮ್ಮೆ ಯೋಚಿಸಿ' ಎಂದು ರಾಷ್ಟ್ರಪತಿ ಒಂದು ಸಲ ಸಲಹೆಯನ್ನು ಮರಳಿಸಬಹುದು. ಮತ್ತೆ ಅದೇ ಬಂದರೆ ಒಪ್ಪಲೇಬೇಕು. 1997ರಲ್ಲಿ ಉತ್ತರ ಪ್ರದೇಶದಲ್ಲಿ ರಾಷ್ಟ್ರಪತಿ ಆಳ್ವಿಕೆ ತರುವ ಸಲಹೆಯನ್ನು ಕೆ.ಆರ್. ನಾರಾಯಣನ್ ಹೀಗೆ ಮರಳಿಸಿದರು. ಮಂತ್ರಿಮಂಡಲ ಅದನ್ನು ಕೈಬಿಟ್ಟಿತು. ಅಲ್ಲಿನ ಸರ್ಕಾರ ಉಳಿಯಿತು.

ಬ್ಯಾಂಕಿನಲ್ಲಿ ಚೆಕ್ ಬಂದರೆ ನಾನೂ ಅಂಕಿ, ಅಕ್ಷರ ಎರಡನ್ನೂ ತಾಳೆ ನೋಡುತ್ತಿದ್ದೆ. ತಾಳೆಯಾಗದಿದ್ದರೆ ವಾಪಸ್. ಹಣ ನನ್ನದಲ್ಲ, ನೋಡುವ ಹೊಣೆ ನನ್ನದು. ರಾಷ್ಟ್ರಪತಿಯ ಸಹಿಯೂ ಹಾಗೆಯೇ. ನೀವು ಹುಟ್ಟಿದಾಗ ರಾಷ್ಟ್ರಪತಿ ಯಾರಿದ್ದರು? ಇವತ್ತು ಅಜ್ಜ-ಅಮ್ಮನ ಹತ್ತಿರ ಕೂತು ಲೆಕ್ಕ ಹಾಕಿರಿ.